ರಸ್ತೆ, ಸೇತುವೆ ಮತ್ತು ಸ್ಥಳೀಯ ಆಡಳಿತ: ಪದೇ ಪದೇ ಕೇಳುವ ಪ್ರಶ್ನೆಗಳು

ರಸ್ತೆ ಕಿತ್ತುಹೋದಾಗ, ಸೇತುವೆ ಮೇಲೆ ‘ಭಾರೀ ವಾಹನ ನಿಷೇಧ’ ಅಂತ ಬೋರ್ಡ್ ಬಿದ್ದಾಗ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಎಲ್ಲಾ ಕಡೆ ಒಂದೇ. ಉತ್ತರ ಮಾತ್ರ ಟೆಂಡರ್ ಕಾಗದ, ಅಳತೆ ಪುಸ್ತಕ, ತಪಾಸಣಾ ವರದಿಗಳ ನಡುವೆ ಎಲ್ಲೋ ಸಿಕ್ಕಿಹಾಕಿಕೊಂಡಿರುತ್ತದೆ. ಅದನ್ನು ಆದಷ್ಟು ಸರಳವಾಗಿ ಇಲ್ಲಿ ಬಿಡಿಸಿ ಹೇಳಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಸ್ಥಳೀಯ ಆಡಳಿತಗಳು ಹೊಸದು ಕಟ್ಟುವುದಕ್ಕೆ ಕೊಡುವ ಗಮನದಲ್ಲಿ ಅರ್ಧದಷ್ಟನ್ನು ಇರುವುದನ್ನು ಉಳಿಸಿಕೊಳ್ಳಲು ಕೊಟ್ಟಿದ್ದರೂ ನಮ್ಮ ಬಹುಪಾಲು ತೊಂದರೆ ಇರುತ್ತಿರಲಿಲ್ಲ.

ಈ ರಸ್ತೆ ಯಾರಿಗೆ ಸೇರಿದ್ದು ಅಂತ ತಿಳಿಯುವುದು ಹೇಗೆ?

ಹೆಚ್ಚಿನ ದೇಶಗಳಲ್ಲಿ ದೊಡ್ಡ ಹೆದ್ದಾರಿಗಳು ಮೇಲಿನ ಸರ್ಕಾರದ್ದು, ಉಳಿದದ್ದೆಲ್ಲ ಸ್ಥಳೀಯ ಆಡಳಿತದ್ದು. ಉದ್ದ ಅಳೆದರೆ ಸ್ಥಳೀಯ ರಸ್ತೆಗಳದ್ದೇ ಸಿಂಹಪಾಲು. ದುಡ್ಡು ಮಾತ್ರ ಆ ಲೆಕ್ಕದಲ್ಲಿ ಬರುವುದಿಲ್ಲ, ತೊಂದರೆ ಅಲ್ಲಿಂದಲೇ ಶುರು.

ಒಂದೇ ಜಾಗದಲ್ಲಿ ಮೂರ್ನಾಲ್ಕು ಮಾಲೀಕರು ಇರುವುದೂ ಉಂಟು. ಮೇಲಿನ ಡಾಂಬರು ಒಬ್ಬರದು, ಕೆಳಗಿನ ನೀರಿನ ಪೈಪು ಇನ್ನೊಬ್ಬರದು, ಪಕ್ಕದ ಚರಂಡಿ ಮತ್ತೊಬ್ಬರದು. ರೈಲು ಹಳಿ ಮೇಲಿನ ಸೇತುವೆಯಾದರೆ ಸೇತುವೆ ಒಂದು ಇಲಾಖೆಯದ್ದು, ಅದಕ್ಕೆ ಏರುವ ರಸ್ತೆ ಬೇರೆಯವರದ್ದು ಆಗಿರಬಹುದು. ದೂರು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಅಲೆಯುವುದು ಇದೇ ಕಾರಣಕ್ಕೆ. ಹಾಗಾಗಿ ಮೊದಲು ಕೇಳಬೇಕಾದ್ದು ರಸ್ತೆ ದಾಖಲೆ: ಈ ರಸ್ತೆ ನಿಮ್ಮ ಪಟ್ಟಿಯಲ್ಲಿ ಇದೆಯಾ, ಅಗಲ ಎಷ್ಟು, ಕೊನೆಯ ಸಲ ಪದರ ಹಾಕಿದ್ದು ಯಾವ ವರ್ಷ, ಮೋರಿಗಳು ಎಷ್ಟು? ಇದಕ್ಕೆ ಉತ್ತರ ಕೊಡಲಾಗದ ಕಚೇರಿಗೆ ಆ ರಸ್ತೆಯನ್ನು ನೋಡಿಕೊಳ್ಳುವುದೂ ಕಷ್ಟವೇ.

ಒಂದು ಕಾಮಗಾರಿ ಶುರುವಾಗುವುದು ಎಲ್ಲಿಂದ?

ಜೆಸಿಬಿ ಬಂದ ದಿನದಿಂದ ಅಂತ ನಮಗೆ ಅನ್ನಿಸುತ್ತದೆ. ನಿಜವಾಗಿ ಅದಕ್ಕೆ ಎಷ್ಟೋ ತಿಂಗಳು ಮೊದಲೇ, ಎಂಜಿನಿಯರ್ ಅಂದಾಜು ಪಟ್ಟಿ ತಯಾರಿಸುವ ಮೇಜಿನ ಮೇಲೆ ಅದು ಶುರುವಾಗಿರುತ್ತದೆ. ಬಜೆಟ್‌ನಲ್ಲಿ ಹಣ ಇಡುತ್ತಾರೆ, ಸ್ಥಳ ಅಳೆಯುತ್ತಾರೆ, ಮಣ್ಣು ನೋಡುತ್ತಾರೆ, ಎಸ್ಟಿಮೇಟ್ ಬರೆಯುತ್ತಾರೆ, ಅದಕ್ಕೆ ತಾಂತ್ರಿಕ ಮಂಜೂರಾತಿ ಸಿಗುತ್ತದೆ. ಆಮೇಲೆ ಟೆಂಡರ್, ಪರಿಶೀಲನೆ, ಕರಾರು, ಕಾಮಗಾರಿ ಆದೇಶ. ಕೆಲಸ ನಡೆದಷ್ಟೂ ಅಳತೆ, ಅಳತೆ ಪ್ರಕಾರ ಬಿಲ್. ಕೊನೆಗೆ ದೋಷ ಹೊಣೆ ಅವಧಿ, ಅಂದರೆ ರಸ್ತೆ ಕೆಟ್ಟರೆ ಗುತ್ತಿಗೆದಾರರೇ ಸರಿಮಾಡಿಕೊಡಬೇಕಾದ ಕಾಲ.

ಇಷ್ಟರಲ್ಲಿ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಎಸ್ಟಿಮೇಟ್. ಚರಂಡಿ ಎಸ್ಟಿಮೇಟ್‌ನಲ್ಲಿ ಇಲ್ಲದಿದ್ದರೆ ರಸ್ತೆಯಲ್ಲೂ ಇರುವುದಿಲ್ಲ. ಕೆಳಗಿನ ಮಣ್ಣು ಮೆತ್ತಗಿದೆ, ಅದನ್ನು ತೆಗೆದು ಬೇರೆ ತುಂಬಬೇಕು ಅಂತ ಅಲ್ಲಿ ಬರೆಯದಿದ್ದರೆ ಯಾವ ಗುತ್ತಿಗೆದಾರರೂ ಕೈಯಿಂದ ಹಾಕಿ ಮಾಡುವುದಿಲ್ಲ. ಮಾಡಬೇಕಾಗಿಯೂ ಇಲ್ಲ, ಅವರ ಕರಾರಿನಲ್ಲಿ ಅದು ಇಲ್ಲ. ಸ್ಥಳಕ್ಕೇ ಹೋಗದೆ ಹಿಂದಿನ ಕಾಮಗಾರಿಯ ಎಸ್ಟಿಮೇಟನ್ನೇ ನಕಲು ಮಾಡಿ ಉದ್ದ ಅಗಲ ಮಾತ್ರ ಬದಲಿಸಿದರೆ, ಆ ರಸ್ತೆ ಕಾಗದದ ಮೇಲೇ ಹಾಳಾಗಿರುತ್ತದೆ.

ಪರಿಚಯದ ಒಳ್ಳೇ ಗುತ್ತಿಗೆದಾರರಿಗೆ ನೇರವಾಗಿ ಕೊಟ್ಟರೆ ಬೇಗ ಆಗುತ್ತದಲ್ಲ, ಟೆಂಡರ್ ಯಾಕೆ?

ಬೇಗ ಆಗಬಹುದು. ಆದರೆ ಬೆಲೆ ಸರಿಯಾ ಅಂತ ಹೋಲಿಸಿ ನೋಡಲು ಏನೂ ಇರುವುದಿಲ್ಲ, ಕೆಲಸ ಕೆಟ್ಟರೆ ಯಾಕೆ ಅವರಿಗೇ ಕೊಟ್ಟಿರಿ ಅನ್ನುವ ಪ್ರಶ್ನೆಗೆ ಉತ್ತರವೂ ಇರುವುದಿಲ್ಲ. ಪ್ರವಾಹದಲ್ಲಿ ಮೋರಿ ಕೊಚ್ಚಿಹೋಗಿ ಊರಿನ ದಾರಿಯೇ ಕಡಿದಾಗ ನೇರ ಗುತ್ತಿಗೆಗೆ ಹೆಚ್ಚಿನ ಕಡೆ ಅವಕಾಶ ಇದೆ, ಅದು ಸರಿ ಕೂಡ. ತುರ್ತು ಅನ್ನುವ ಪದವನ್ನು ಪ್ರತಿ ವರ್ಷ ಮಳೆಗಾಲಕ್ಕೆ ಬಳಸುವುದು ಮಾತ್ರ ಸರಿಯಲ್ಲ. ಮಳೆಗಾಲ ಬರುತ್ತದೆ ಅಂತ ಎಲ್ಲರಿಗೂ ಗೊತ್ತಿರುತ್ತದೆ.

ಇನ್ನೊಂದನ್ನು ಗಮನಿಸಿ. ಇಷ್ಟು ಮೊತ್ತದ ಮೇಲಿದ್ದರೆ ಬಹಿರಂಗ ಟೆಂಡರ್ ಕಡ್ಡಾಯ ಅಂತ ನಿಯಮ ಇರುತ್ತದೆ. ಒಂದೇ ರಸ್ತೆಯನ್ನು ಐದಾರು ತುಂಡು ಮಾಡಿ, ಪ್ರತಿ ತುಂಡನ್ನೂ ಆ ಮಿತಿಗಿಂತ ಸ್ವಲ್ಪವೇ ಕೆಳಗಿಟ್ಟರೆ ಯಾವುದಕ್ಕೂ ಬಹಿರಂಗ ಟೆಂಡರ್ ಬೇಕಾಗುವುದಿಲ್ಲ. ಮಿತಿಗೆ ತಾಗಿಕೊಂಡಂತೆ ಸಾಲಾಗಿ ಕಾಮಗಾರಿಗಳು ಕಂಡರೆ ಕಾರಣ ಕೇಳಲೇಬೇಕು.

ಕಡಿಮೆ ಬೆಲೆ ಹಾಕಿದವರಿಗೇ ಕೊಡಬೇಕಾ?

ಸಾಮಾನ್ಯವಾಗಿ ಅರ್ಹತೆ ಇರುವವರಲ್ಲಿ ಕಡಿಮೆ ಬೆಲೆಯವರಿಗೆ. ಆ ‘ಅರ್ಹತೆ ಇರುವವರಲ್ಲಿ’ ಅನ್ನುವ ಮಾತನ್ನು ಜನ ಬಿಟ್ಟುಬಿಡುತ್ತಾರೆ, ಕೆಲವು ಸಲ ಕಚೇರಿಯವರೂ ಬಿಡುತ್ತಾರೆ. ಎರಡು ಲಕೋಟೆ ಪದ್ಧತಿ ಇರುವುದು ಇದಕ್ಕೇ: ಮೊದಲು ಅನುಭವ, ಯಂತ್ರ, ಎಂಜಿನಿಯರ್‌ಗಳು, ಹಿಂದಿನ ಕೆಲಸ ನೋಡುತ್ತಾರೆ, ಅದರಲ್ಲಿ ಪಾಸಾದವರ ಬೆಲೆ ಲಕೋಟೆಯನ್ನು ಮಾತ್ರ ತೆರೆಯುತ್ತಾರೆ.

ಅಂದಾಜಿಗಿಂತ ತೀರಾ ಕೆಳಗೆ ಬೆಲೆ ಬಂದರೆ? ಖುಷಿಪಡುವ ವಿಷಯ ಅಲ್ಲ. ಜಲ್ಲಿ, ಡಾಂಬರು, ಡೀಸೆಲ್‌ನ ಬೆಲೆ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಯಾರೋ ಒಬ್ಬರಿಗೆ ಅದು ಮೂವತ್ತು ಪರ್ಸೆಂಟ್ ಅಗ್ಗಕ್ಕೆ ಸಿಗಬೇಕಾದರೆ ಕಾರಣ ಇರಬೇಕು. ಇಲ್ಲದಿದ್ದರೆ ಆ ಉಳಿತಾಯ ಪದರದ ದಪ್ಪದಲ್ಲಿ ಆಗುತ್ತದೆ. ಸಾರ್ವಜನಿಕ ಖರೀದಿ ಬಗ್ಗೆ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ವ್ಯಾಪಾರ ಕಾನೂನು ಆಯೋಗ (ಅನ್‌ಸಿಟ್ರಾಲ್) 2011ರಲ್ಲಿ ಹೊರತಂದ ಮಾದರಿ ಕಾನೂನಿನಲ್ಲೇ ಇದಕ್ಕೆ ದಾರಿ ಇದೆ: ಬೆಲೆ ಅಸಹಜವಾಗಿ ಕಡಿಮೆ ಅನ್ನಿಸಿದರೆ ಲಿಖಿತ ವಿವರಣೆ ಕೇಳಬೇಕು, ಸಮಾಧಾನ ಆಗದಿದ್ದರೆ ಕಾರಣ ದಾಖಲಿಸಿ ತಿರಸ್ಕರಿಸಬಹುದು.

ಬೆಲೆಯ ಒಳಗೆ ಆಡುವ ಆಟ ಇನ್ನೊಂದಿದೆ. ಐಟಂ ದರದ ಟೆಂಡರ್‌ನಲ್ಲಿ ಮಣ್ಣು ಅಗೆತ ಇಷ್ಟು ಘನ ಮೀಟರ್, ಕಾಂಕ್ರೀಟ್ ಇಷ್ಟು, ಡಾಂಬರು ಇಷ್ಟು ಅಂತ ಪಟ್ಟಿ ಇರುತ್ತದೆ, ಪ್ರತಿಯೊಂದಕ್ಕೂ ಬೇರೆ ಬೇರೆ ದರ ಹಾಕುತ್ತಾರೆ. ಅಗೆತದ ಪ್ರಮಾಣವನ್ನು ಕಚೇರಿಯವರು ಕಡಿಮೆ ಬರೆದಿದ್ದಾರೆ, ಕೆಲಸ ಶುರುವಾದ ಮೇಲೆ ಅದು ದುಪ್ಪಟ್ಟಾಗುತ್ತದೆ ಅಂತ ಗೊತ್ತಿರುವ ಗುತ್ತಿಗೆದಾರರು ಅಗೆತಕ್ಕೆ ಭಾರೀ ದರ ಹಾಕಿ, ಉಳಿದದ್ದಕ್ಕೆ ತೀರಾ ಕಡಿಮೆ ಹಾಕುತ್ತಾರೆ. ಒಟ್ಟು ಮೊತ್ತದಲ್ಲಿ ಅವರೇ ಕಡಿಮೆ. ಕೆಲಸ ಮುಗಿಯುವಾಗ ಅವರೇ ಎಲ್ಲರಿಗಿಂತ ದುಬಾರಿ! ಹಾಗಾಗಿ ಟೆಂಡರ್ ಪರಿಶೀಲಿಸುವವರು ಕೊನೆಯ ಸಾಲಿನ ಮೊತ್ತ ಮಾತ್ರ ನೋಡಿದರೆ ಸಾಲದು, ಒಂದೊಂದು ದರವನ್ನೂ ತಮ್ಮ ಅಂದಾಜಿನ ಪಕ್ಕ ಇಟ್ಟು ನೋಡಬೇಕು.

ಗುತ್ತಿಗೆದಾರರೆಲ್ಲ ಮೊದಲೇ ಮಾತಾಡಿಕೊಂಡಿದ್ದರೆ ಗೊತ್ತಾಗುವುದು ಹೇಗೆ?

ಒಂದು ಟೆಂಡರ್ ನೋಡಿದರೆ ಗೊತ್ತಾಗುವುದಿಲ್ಲ. ಹಲವು ವರ್ಷಗಳ ಟೆಂಡರ್‌ಗಳನ್ನು ಒಟ್ಟಿಗೆ ಇಟ್ಟಾಗ ಕಾಣುತ್ತದೆ. ಅವೇ ನಾಲ್ಕು ಹೆಸರು, ಸರದಿ ಪ್ರಕಾರ ಒಬ್ಬೊಬ್ಬರು ಗೆಲ್ಲುವುದು. ಸೋತವರೇ ಆಮೇಲೆ ಅದೇ ಕೆಲಸದಲ್ಲಿ ಉಪಗುತ್ತಿಗೆದಾರರಾಗಿ ಬರುವುದು. ಬೇರೆ ಬೇರೆ ಸಂಸ್ಥೆಗಳ ಅರ್ಜಿಯಲ್ಲಿ ಅದೇ ಅಕ್ಷರ ತಪ್ಪು, ಅದೇ ಲೆಕ್ಕದ ತಪ್ಪು. ಹೊರಗಿನಿಂದ ಹೊಸಬರು ಬಂದ ಕೂಡಲೇ ಬೆಲೆ ಧಡಕ್ಕನೆ ಇಳಿಯುವುದು. ಹಲವು ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿ 2009ರಲ್ಲಿ ಇದಕ್ಕೇ ಮಾರ್ಗಸೂಚಿ ಹೊರತಂದಿದೆ, ಅದರಲ್ಲೂ ಇಂಥ ಲಕ್ಷಣಗಳ ಪಟ್ಟಿ ಇದೆ. ಇವು ಅನುಮಾನಕ್ಕೆ ಕಾರಣ ಮಾತ್ರ, ಸಾಕ್ಷಿ ಅಲ್ಲ. ಹಳೆಯ ಟೆಂಡರ್‌ಗಳ ದಾಖಲೆಯನ್ನು ಯಾರು ಬೇಕಾದರೂ ನೋಡುವ ಹಾಗೆ ಇಟ್ಟರೆ ಅರ್ಧ ಕಾಯಿಲೆ ಅಲ್ಲೇ ವಾಸಿಯಾಗುತ್ತದೆ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಇಎಂಡಿ, ಭದ್ರತಾ ಠೇವಣಿ, ರಿಟೆನ್ಷನ್ ಮನಿ, ಇವೆಲ್ಲ ಏನು?

ಇಎಂಡಿ ಅಂದರೆ ಟೆಂಡರ್ ಹಾಕುವಾಗ ಕಟ್ಟುವ ಮುಂಗಡ ಠೇವಣಿ. ಗೆದ್ದ ಮೇಲೆ ಕೆಲಸ ಬೇಡ ಅಂತ ಕೈಕೊಟ್ಟರೆ ಅದು ಹೋಗುತ್ತದೆ. ಭದ್ರತಾ ಠೇವಣಿ ಕರಾರು ಪಾಲಿಸುತ್ತೇನೆ ಅನ್ನುವುದಕ್ಕೆ. ರಿಟೆನ್ಷನ್ ಅಂದರೆ ಪ್ರತಿ ಬಿಲ್‌ನಲ್ಲೂ ಸಾಮಾನ್ಯವಾಗಿ ಶೇ. 5ರಿಂದ 10ರಷ್ಟು ಹಿಡಿದಿಟ್ಟುಕೊಳ್ಳುವ ಹಣ.

ದೋಷ ಹೊಣೆ ಅವಧಿ ಮುಗಿಯುವವರೆಗೆ ಠೇವಣಿ ಅಥವಾ ಹಿಡಿದಿಟ್ಟ ಹಣದ ಒಂದು ಪಾಲು ಆಡಳಿತದ ಕೈಯಲ್ಲಿರುತ್ತದೆ. ಆ ಅವಧಿಯಲ್ಲಿ ರಸ್ತೆ ಕೆಟ್ಟರೆ ಗುತ್ತಿಗೆದಾರರೇ ಸ್ವಂತ ಖರ್ಚಿನಲ್ಲಿ ಸರಿಮಾಡಬೇಕು. ಕಾಗದದಲ್ಲಿ ಚೆನ್ನಾಗಿದೆ. ಆದರೆ ಅವಧಿ ಮುಗಿಯುವ ಮೊದಲು ಯಾರಾದರೂ ರಸ್ತೆ ನಡೆದು ನೋಡಿ, ದೋಷಗಳನ್ನು ಬರೆದು, ನೋಟಿಸ್ ಕೊಡಬೇಕಲ್ವಾ? ಕೊಡದಿದ್ದರೆ ಅವಧಿ ತಾನಾಗಿ ಮುಗಿಯುತ್ತದೆ, ಹಣ ವಾಪಸ್ ಹೋಗುತ್ತದೆ, ಮುಂದಿನ ತಿಂಗಳು ಅದೇ ರಸ್ತೆಗೆ ಹೊಸ ಟೆಂಡರ್ ಬರುತ್ತದೆ. ನಿಮ್ಮ ರಸ್ತೆಯ ದೋಷ ಹೊಣೆ ಅವಧಿ ಮುಗಿಯುವ ದಿನ ಯಾವುದು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಅದಕ್ಕೆ ಮೂರು ತಿಂಗಳು ಮೊದಲು ಕೊಟ್ಟ ದೂರಿಗೆ ಇರುವ ತೂಕ ಮೂರು ತಿಂಗಳು ನಂತರ ಕೊಟ್ಟದ್ದಕ್ಕೆ ಇರುವುದಿಲ್ಲ.

ಹೊಸ ರಸ್ತೆ ಮೊದಲ ಮಳೆಗೇ ಯಾಕೆ ಕಿತ್ತುಬರುತ್ತದೆ?

ಡಾಂಬರು ಕಡಿಮೆ ಹಾಕಿದ್ದಾರೆ ಅನ್ನುವುದು ಎಲ್ಲರ ಮೊದಲ ಅನುಮಾನ. ಅದೂ ಇರಬಹುದು. ಆದರೆ ಸರಿಯಾದ ಡಾಂಬರು, ಸರಿಯಾದ ಜಲ್ಲಿ ಹಾಕಿಯೂ ರಸ್ತೆ ಕೆಡಿಸಬಹುದು, ತಣ್ಣಗಾದ ಮಿಶ್ರಣಕ್ಕೆ ರೋಲರ್ ಓಡಿಸಿದರೆ ಸಾಕು. ಬಿಸಿ ಮಿಶ್ರಣವನ್ನು ಸಾಮಾನ್ಯವಾಗಿ 130ರಿಂದ 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹಾಸುತ್ತಾರೆ. 80-90 ಡಿಗ್ರಿಗೆ ಇಳಿಯುವ ಮೊದಲು ರೋಲರ್ ಕೆಲಸ ಮುಗಿದಿರಬೇಕು. ಲಾರಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿತು, ಟಾರ್ಪಾಲು ಹೊದಿಸಿರಲಿಲ್ಲ, ಪದರ ತೆಳ್ಳಗಿತ್ತು, ಗಾಳಿ ಜೋರಾಗಿತ್ತು ಅಂದರೆ ಆ ಸಮಯ ಕೆಲವೇ ನಿಮಿಷ.

ತಣ್ಣಗಾದ ಮೇಲೆ ಎಷ್ಟು ಸಲ ಉರುಳಿಸಿದರೂ ಕಲ್ಲುಗಳು ಒಂದಕ್ಕೊಂದು ಒತ್ತಿ ಕೂರುವುದಿಲ್ಲ. ಮೇಲಿಂದ ಕಪ್ಪಗೆ, ನುಣ್ಣಗೆ ಕಾಣುತ್ತದೆ, ಒಳಗೆ ಗಾಳಿ ಜಾಗ ಉಳಿದಿರುತ್ತದೆ. ಮಾಮೂಲಿ ಮಿಶ್ರಣದಲ್ಲಿ ಈ ಗಾಳಿ ಜಾಗ ಸುಮಾರು ಶೇ. 8 ಮೀರಿದರೆ ರಂಧ್ರಗಳು ಒಂದಕ್ಕೊಂದು ಸೇರಿಕೊಂಡು ನೀರು ಸಲೀಸಾಗಿ ಇಳಿಯುತ್ತದೆ. ನೀರು ಕಲ್ಲಿಗೂ ಡಾಂಬರಿಗೂ ಇರುವ ಅಂಟನ್ನು ಬಿಡಿಸುತ್ತದೆ. ಅದಕ್ಕೇ ರಸ್ತೆಯಿಂದ ಕೋರ್ ತೆಗೆದು ಪರೀಕ್ಷಿಸಬೇಕು ಅನ್ನುವುದು. ಯಂತ್ರದಿಂದ ದುಂಡಗೆ ಕೊರೆದು ತೆಗೆದ ಆ ತುಂಡಿನಲ್ಲಿ ಪದರದ ದಪ್ಪ ಸ್ಕೇಲ್ ಇಟ್ಟು ಅಳೆಯಬಹುದು, ಸಾಂದ್ರತೆ ಪ್ರಯೋಗಾಲಯದಲ್ಲಿ ಗೊತ್ತಾಗುತ್ತದೆ, ಎರಡು ಪದರ ಅಂಟಿಕೊಂಡಿವೆಯಾ ಇಲ್ಲವಾ ಅನ್ನುವುದು ಕೈಗೇ ಗೊತ್ತಾಗುತ್ತದೆ. ಹಳೆಯ ರಸ್ತೆಯ ಧೂಳು ಗುಡಿಸದೆ, ಮಧ್ಯೆ ಅಂಟಿನ ಡಾಂಬರು ಚಿಮುಕಿಸದೆ ಹೊಸ ಪದರ ಹಾಸಿದ್ದರೆ ಕೋರ್ ಎರಡು ಬಿಲ್ಲೆಯಾಗಿ ಬಿಟ್ಟುಕೊಳ್ಳುತ್ತದೆ. ಕೋರ್ ಎಲ್ಲಿ ತೆಗೆಯಬೇಕು ಅಂತ ಗುತ್ತಿಗೆದಾರರು ತೋರಿಸಬಾರದು. ಅದು ಚೀಟಿ ಎತ್ತಿದ ಹಾಗೆ ಎಲ್ಲಿ ಬೇಕಾದರೂ ಬರಬೇಕು.

ಇದೆಲ್ಲ ಸರಿ ಇದ್ದೂ ನೀರು ಹರಿದುಹೋಗಲು ದಾರಿ ಇಲ್ಲದಿದ್ದರೆ ವ್ಯರ್ಥ. ರಸ್ತೆಯ ನಡುವಿನಿಂದ ಅಂಚಿಗೆ ಸುಮಾರು ಶೇ. 2ರಿಂದ 2.5ರಷ್ಟು ಇಳಿಜಾರು ಇರಬೇಕು, ಅಂಚಿನ ಮಣ್ಣು ರಸ್ತೆಗಿಂತ ತಗ್ಗಿರಬೇಕು, ಚರಂಡಿ ಎಲ್ಲಾದರೂ ಹೋಗಿ ಸೇರಬೇಕು. ಎಷ್ಟೋ ಕಡೆ ಪದರದ ಮೇಲೆ ಪದರ ಹಾಕಿ ರಸ್ತೆ ಎತ್ತರವಾಗಿದೆ, ಚರಂಡಿಯ ಬಾಯಿ ಹಾಗೇ ಉಳಿದು ನೀರು ಅದರೊಳಗೆ ಇಳಿಯದೆ ಪಕ್ಕದಲ್ಲೇ ನಿಲ್ಲುತ್ತದೆ.

ಮುಚ್ಚಿದ ಗುಂಡಿಯೇ ಮತ್ತೆ ಬಾಯಿಬಿಡುವುದು ಯಾಕೆ?

ಗುಂಡಿ ಒಂದೇ ದಿನ ಹುಟ್ಟುವುದಿಲ್ಲ. ಮೊದಲು ಕೂದಲೆಳೆ ಬಿರುಕು. ಅದರಲ್ಲಿ ನೀರು ಇಳಿದು ಕೆಳಗಿನ ಜಲ್ಲಿ-ಮಣ್ಣಿನ ಪದರ ಮೆತ್ತಗಾಗುತ್ತದೆ. ಮೇಲೆ ಚಕ್ರ ಹೋದಾಗಲೆಲ್ಲ ಡಾಂಬರು ಬಗ್ಗಿ ಎದ್ದು, ಬಿರುಕು ಬಲೆಯ ಹಾಗೆ ಹರಡುತ್ತದೆ. ಚಕ್ರದ ಒತ್ತಡಕ್ಕೆ ಕೆಸರು ನೀರು ಬಿರುಕಿನಿಂದ ಮೇಲೆ ಚಿಮ್ಮುತ್ತದೆ. ಒಣಗಿದಾಗ ಬಿರುಕಿನ ಸುತ್ತ ಬಿಳಿಚಿದ ಮಣ್ಣಿನ ಕಲೆ ಕಂಡರೆ ಇದೇ ನಡೆದಿದೆ ಅಂತ ಅರ್ಥ. ಆಮೇಲೆ ಒಂದು ತುಂಡು ಎದ್ದುಹೋಗುತ್ತದೆ, ಅಷ್ಟರಲ್ಲಿ ನಾವು ಅದನ್ನು ಗುಂಡಿ ಅನ್ನುತ್ತೇವೆ.

ನೀರು ತುಂಬಿದ ಗುಂಡಿಗೆ ಸುಮ್ನೆ ಒಂದು ಬುಟ್ಟಿ ಮಿಶ್ರಣ ಸುರಿದು, ಸಲಿಕೆಯ ಹಿಂಬದಿಯಿಂದ ತಟ್ಟಿ ಹೋದರೆ ಒಳಗಿನ ಮೆತ್ತಗಿನ ಪದರ ಹಾಗೇ ಇರುತ್ತದೆ. ಸರಿಯಾದ ಕ್ರಮ ಬೇರೆ: ಗುಂಡಿಯ ಸುತ್ತ ಗಟ್ಟಿ ಡಾಂಬರು ಸಿಗುವವರೆಗೆ ಚೌಕವಾಗಿ ಕತ್ತರಿಸಬೇಕು, ಅಂಚು ನೇರವಾಗಿ ನಿಲ್ಲಬೇಕು, ಸಡಿಲ ಮಣ್ಣು ನೀರು ತೆಗೆಯಬೇಕು, ತಳಕ್ಕೂ ಗೋಡೆಗೂ ಡಾಂಬರು ಬಳಿಯಬೇಕು, ಆಳ ಇದ್ದರೆ ಪದರ ಪದರವಾಗಿ ತುಂಬಿ ದಮ್ಮಾಸು ಮಾಡಬೇಕು, ಕೊನೆಗೆ ಅಂಚಿಗೆ ಸೀಲ್ ಹಾಕಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ರಸ್ತೆಯ ಒಂದು ಬದಿ ಮುಚ್ಚಬೇಕಾಗುತ್ತದೆ. ‘ಇಷ್ಟು ದಿನದಲ್ಲಿ ಇಷ್ಟು ಸಾವಿರ ಗುಂಡಿ ಮುಚ್ಚಿದ್ದೇವೆ’ ಅನ್ನುವ ಗುರಿ ಇಟ್ಟರೆ ಈ ಕ್ರಮವನ್ನು ಯಾರೂ ಪಾಲಿಸುವುದಿಲ್ಲ. ಎಣಿಸಬೇಕಾದ್ದು ಒಂದು ವರ್ಷದ ನಂತರವೂ ಮುಚ್ಚಿಯೇ ಇರುವ ಗುಂಡಿಗಳನ್ನು.

ನಮ್ಮ ರಸ್ತೆ ಹಾಳಾಗಿದೆ, ಚೆನ್ನಾಗಿರುವ ರಸ್ತೆಗೆ ಪದರ ಹಾಕುತ್ತಿದ್ದಾರೆ. ಇದು ಅನ್ಯಾಯ ಅಲ್ವಾ?

ಕೆಲವು ಸಲ ಹೌದು. ಯಾರದೋ ಒತ್ತಡಕ್ಕೆ ಮಾಡಿದ್ದರೆ ಅನ್ಯಾಯವೇ. ಆದರೆ ಯೋಜನೆ ಪ್ರಕಾರ ಮಾಡಿದ್ದರೆ ಅದರಷ್ಟು ಬುದ್ಧಿವಂತಿಕೆಯ ಖರ್ಚು ಇನ್ನೊಂದಿಲ್ಲ, ಮತ್ತು ಇದನ್ನು ಜನರಿಗೆ ಅರ್ಥಮಾಡಿಸುವುದೇ ಅತ್ಯಂತ ಕಷ್ಟ.

ರಸ್ತೆ ಒಂದೇ ಸಮನೆ ಕೆಡುವುದಿಲ್ಲ. ಮೊದಲ ಕೆಲವು ವರ್ಷ ನಿಧಾನವಾಗಿ, ಆಮೇಲೆ ಒಂದು ಹಂತ ದಾಟಿದ ಮೇಲೆ ಭರದಿಂದ. ಆ ಹಂತಕ್ಕೆ ಮೊದಲು ಬಿರುಕಿಗೆ ಸೀಲ್ ಹಾಕಿ ತೆಳು ಪದರ ಕೊಟ್ಟರೆ ರಸ್ತೆಯ ಆಯಸ್ಸು ಹಲವು ವರ್ಷ ಜಾಸ್ತಿಯಾಗುತ್ತದೆ. ದಾಟಿದ ಮೇಲೆ ತಳದಿಂದ ಅಗೆದು ಕಟ್ಟಬೇಕು, ಖರ್ಚು ಎಷ್ಟೋ ಪಟ್ಟು. ಎಲ್ಲಾ ಹಣವನ್ನೂ ಅತ್ಯಂತ ಹಾಳಾದ ರಸ್ತೆಗೇ ಸುರಿದರೆ, ಅದು ಸರಿಯಾಗುವಷ್ಟರಲ್ಲಿ ಚೆನ್ನಾಗಿದ್ದ ನಾಲ್ಕು ರಸ್ತೆಗಳು ಆ ಹಂತ ದಾಟಿರುತ್ತವೆ. ಹಾಗಂತ ಹಾಳಾದ ರಸ್ತೆಯ ಜನರನ್ನು ವರ್ಷಗಟ್ಟಲೆ ಕಾಯಿಸುವುದೂ ಸರಿಯಲ್ಲ. ಹಣವನ್ನು ಎರಡು ಪಾಲು ಮಾಡಿ, ಯಾವುದಕ್ಕೆ ಎಷ್ಟು ಅಂತ ಬಹಿರಂಗವಾಗಿ ಹೇಳಬೇಕು.

ಯಾವುದು ಯಾವ ಸ್ಥಿತಿಯಲ್ಲಿದೆ ಅಂತ ಅಳೆಯಲು ಮಾಪನಗಳಿವೆ. ಅಮೆರಿಕದ ಸೇನೆಯ ಎಂಜಿನಿಯರ್‌ಗಳು ರೂಪಿಸಿದ ಪಿಸಿಐ ಅನ್ನುವ ಅಂಕ 0ಯಿಂದ 100ರವರೆಗೆ, ಬಿರುಕು, ಗುಂಡಿ, ತಗ್ಗುಗಳನ್ನು ನೋಡಿ ಕೊಡುವುದು. ವಿಶ್ವಬ್ಯಾಂಕ್ 1980ರ ದಶಕದಲ್ಲಿ ಬೆಳೆಸಿದ ಐಆರ್‌ಐ ರಸ್ತೆಯ ಒರಟುತನವನ್ನು ಒಂದು ಕಿಲೋಮೀಟರಿಗೆ ಇಷ್ಟು ಮೀಟರ್ ಅಂತ ಹೇಳುತ್ತದೆ. ಅಂಕ ಪಟ್ಟಿ ಇಲ್ಲದೆ ಕಾಮಗಾರಿ ಪಟ್ಟಿ ಮಾಡಿದರೆ ಯಾರ ದನಿ ಜೋರೋ ಅವರ ರಸ್ತೆ ಮೊದಲು.

ರಸ್ತೆ ಹಾಳುಮಾಡುವುದು ಕಾರುಗಳಾ, ಲಾರಿಗಳಾ?

ಲಾರಿಗಳು. ಅದರಲ್ಲೂ ಮಿತಿ ಮೀರಿ ಹೇರಿದ ಲಾರಿಗಳು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ಇದಕ್ಕೆಂದೇ ರಸ್ತೆಗಳನ್ನು ಕಟ್ಟಿ, ಬೇರೆ ಬೇರೆ ತೂಕದ ಲಾರಿಗಳನ್ನು ಸುತ್ತಿಸಿ ಪರೀಕ್ಷಿಸಿದರು. ಆಶೋ ರಸ್ತೆ ಪರೀಕ್ಷೆ ಅಂತ ಅದರ ಹೆಸರು. ಅದರಿಂದ ಸಿಕ್ಕ ಸ್ಥೂಲ ಲೆಕ್ಕ ಇಂದಿಗೂ ಬಳಕೆಯಲ್ಲಿದೆ: ಚಕ್ರದ ಅಚ್ಚಿನ (ಆಕ್ಸಲ್) ಮೇಲಿನ ಭಾರ ದುಪ್ಪಟ್ಟಾದರೆ ರಸ್ತೆಗೆ ಆಗುವ ಪೆಟ್ಟು ಸುಮಾರು 16 ಪಟ್ಟು. 1 ಟನ್ ಅಚ್ಚಿಗೆ ಹೋಲಿಸಿದರೆ 10 ಟನ್ ಅಚ್ಚಿನ ಪೆಟ್ಟು ಸುಮಾರು 10,000 ಪಟ್ಟು. ಓವರ್‌ಲೋಡ್ ತಡೆಯುವುದೂ ರಸ್ತೆ ನಿರ್ವಹಣೆಯೇ.

ಹೊಸ ರಸ್ತೆ ಹಾಕಿದ ವಾರಕ್ಕೇ ಪೈಪಿಗೆ ಅಗೆಯುತ್ತಾರಲ್ಲ?

ಇಲಾಖೆಗಳು ತಮ್ಮ ವರ್ಷದ ಯೋಜನೆಯನ್ನು ಒಂದೇ ನಕ್ಷೆಯ ಮೇಲೆ ಇಟ್ಟು ನೋಡದಿದ್ದರೆ ಹೀಗಾಗುತ್ತದೆ. ಪರಿಹಾರ ಕಷ್ಟದ್ದೇನಲ್ಲ. ಪದರ ಹಾಕುವ ಕೆಲವು ತಿಂಗಳು ಮೊದಲು ನೀರು, ಒಳಚರಂಡಿ, ವಿದ್ಯುತ್, ಕೇಬಲ್‌ನವರಿಗೆಲ್ಲ ನೋಟಿಸ್ ಕೊಡಬೇಕು, ಆಮೇಲೆ ಇಷ್ಟು ವರ್ಷ ಅಗೆಯುವ ಹಾಗಿಲ್ಲ ಅನ್ನುವ ನಿಯಮ ಇಡಬೇಕು. ಪೈಪ್ ಒಡೆದರೆ ಅಗೆಯಲೇಬೇಕು, ಆಗ ಕಂದಕವನ್ನು ಪದರ ಪದರವಾಗಿ ದಮ್ಮಾಸು ಮಾಡಿ ಮುಚ್ಚಬೇಕು. ಮಣ್ಣನ್ನು ಒಟ್ಟಿಗೇ ತಳ್ಳಿ ಮೇಲೆ ಡಾಂಬರು ಬಳಿದರೆ ಆರು ತಿಂಗಳಲ್ಲಿ ಅಲ್ಲಿ ಉದ್ದನೆಯ ತಗ್ಗು.

ಸೇತುವೆಗಳನ್ನು ಎಷ್ಟು ದಿನಕ್ಕೊಮ್ಮೆ ತಪಾಸಣೆ ಮಾಡಬೇಕು?

ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಕೂಲಂಕಷ ತಪಾಸಣೆ, ಕೆಟ್ಟ ಸ್ಥಿತಿಯಲ್ಲಿರುವುದಕ್ಕೆ ಇನ್ನೂ ಬೇಗ, ಪ್ರತಿ ದೊಡ್ಡ ಪ್ರವಾಹದ ನಂತರ ಮತ್ತೊಮ್ಮೆ. ಅಮೆರಿಕದಲ್ಲಿ ಈ ನಿಯಮ ಬಂದದ್ದು ಜೀವಗಳನ್ನು ಕಳೆದುಕೊಂಡ ಮೇಲೆ. 1967ರ ಡಿಸೆಂಬರ್ 15ರಂದು ಓಹಾಯೋ ನದಿಯ ಮೇಲಿನ ಸಿಲ್ವರ್ ಸೇತುವೆ ಕುಸಿದು 46 ಜನ ಸತ್ತರು. ಕಾರಣ ಒಂದು ಕಬ್ಬಿಣದ ಸರಳಿನ ಕಣ್ಣಿನಲ್ಲಿ, ಅಂದರೆ ತುದಿಯ ತೂತಿನಲ್ಲಿ ಇದ್ದ, ಕೆಲವೇ ಮಿಲಿಮೀಟರ್ ಆಳದ ಬಿರುಕು. ಅದು ಇದ್ದ ಜಾಗ ಕಣ್ಣಿಗೆ ಕಾಣುವಂತಿರಲಿಲ್ಲ. 1971ರಲ್ಲಿ ಅಲ್ಲಿ ರಾಷ್ಟ್ರೀಯ ತಪಾಸಣಾ ಮಾನದಂಡ ಜಾರಿಗೆ ಬಂತು.

ಸೇತುವೆ ಅಂದರೆ ನಾವು ಮೇಲಿನ ರಸ್ತೆ ನೋಡುತ್ತೇವೆ, ಅಪಾಯ ಹೆಚ್ಚಾಗಿ ಕೆಳಗೆ. ಪ್ರವಾಹದ ನೀರು ಕಂಬದ ಬುಡದಲ್ಲಿ ಸುಳಿ ತಿರುಗಿ ಮಣ್ಣನ್ನು ಕೊರೆದು ಒಯ್ಯುತ್ತದೆ, ನೀರು ಇಳಿದಾಗ ಹೂಳು ತುಂಬಿಕೊಂಡು ಹಳ್ಳ ಮುಚ್ಚಿಹೋಗಿ ಎಲ್ಲ ಸರಿ ಇದ್ದಂತೆ ಕಾಣುತ್ತದೆ. 1987ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಕೊಹ್ಯಾರಿ ಕ್ರೀಕ್ ಸೇತುವೆ ಹೀಗೆ ಬುಡ ಕೊರೆದೇ ಬಿತ್ತು, 10 ಜನ ಸತ್ತರು. ಸೇತುವೆಯ ಬುಡದಲ್ಲಿ ಮರಳು ತೆಗೆಯುವುದು ಎಷ್ಟು ಅಪಾಯ ಅನ್ನುವುದು ಇದರಿಂದಲೇ ಗೊತ್ತಾಗಬೇಕು.

ತಪಾಸಣೆ ಮಾಡಿದರೆ ಸಾಕಲ್ವಾ?

ಸಾಲದು. ಇದಕ್ಕೆ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಫರ್ನ್ ಹಾಲೋ ಸೇತುವೆಯಷ್ಟು ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ, ಯಾಕೆಂದರೆ ಅದು ನಗರಾಡಳಿತದ್ದೇ ಸೇತುವೆ. 2022ರ ಜನವರಿ 28ರ ಬೆಳಿಗ್ಗೆ ಅದು ಕುಸಿಯಿತು. ಮೇಲೆ ಒಂದು ಬಸ್ಸು, ಕೆಲವು ಕಾರುಗಳಿದ್ದವು. ಪುಣ್ಯಕ್ಕೆ ಯಾರೂ ಸಾಯಲಿಲ್ಲ, ಹಲವರಿಗೆ ಗಾಯಗಳಾದವು.

ಆ ಸೇತುವೆಯ ಉಕ್ಕು ವಿಶೇಷವಾದದ್ದು. ಮೇಲ್ಮೈಯಲ್ಲಿ ತೆಳುವಾದ ತುಕ್ಕು ಹಿಡಿದು, ಅದೇ ತುಕ್ಕು ಒಳಗಿನ ಲೋಹವನ್ನು ಕಾಯಬೇಕು. ಆದರೆ ಅದು ನೆನೆದು ಮತ್ತೆ ಒಣಗಬೇಕು. ಸೇತುವೆಯ ಮೇಲಿನ ನೀರಿನ ದಾರಿಗಳು ಕಟ್ಟಿಕೊಂಡಿದ್ದವು, ನೀರು ಕಂಬಗಳ ಮೇಲೆ ಇಳಿಯುತ್ತಿತ್ತು, ಬುಡದಲ್ಲಿ ಎಲೆ ಕಸ ತುಂಬಿ ಸದಾ ಒದ್ದೆ. ತುಕ್ಕು ಲೋಹವನ್ನು ತಿಂದು ತೂತು ಬಿದ್ದಿತ್ತು. ತನಿಖೆ ನಡೆಸಿದ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ (ಎನ್‌ಟಿಎಸ್‌ಬಿ) ಹೇಳಿದ್ದು ಇಷ್ಟು: ತಪಾಸಣಾ ವರದಿಗಳು ನೀರಿನ ದಾರಿ ಸ್ವಚ್ಛ ಮಾಡಿ, ಕಂಬ ದುರಸ್ತಿ ಮಾಡಿ ಅಂತ ವರ್ಷ ವರ್ಷವೂ ಬರೆದಿದ್ದವು, ನಗರಾಡಳಿತ ಅದರ ಮೇಲೆ ಕ್ರಮ ತೆಗೆದುಕೊಳ್ಳಲಿಲ್ಲ. ಭಾರ ತಾಳುವ ಲೆಕ್ಕವೂ ತಪ್ಪಾಗಿತ್ತು. ಸೇತುವೆ ಮೇಲಿದ್ದ ಡಾಂಬರು ಲೆಕ್ಕದಲ್ಲಿ ಹಿಡಿದದ್ದಕ್ಕಿಂತ ದಪ್ಪವಾಗಿತ್ತು. ಲೆಕ್ಕ ಸರಿಯಾಗಿದ್ದಿದ್ದರೆ ಸೇತುವೆಯನ್ನು ಮೊದಲೇ ಮುಚ್ಚಬೇಕಾಗುತ್ತಿತ್ತು.

ಒಂದು ಪೊರಕೆ, ಒಂದು ಸಲಿಕೆ, ಎರಡು ಜನರ ಕೆಲಸವನ್ನು ವರ್ಷಗಟ್ಟಲೆ ಮಾಡದೆ ಒಂದು ಸೇತುವೆ ಹೋಯಿತು. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ತಪಾಸಣಾ ವರದಿಯ ಪ್ರತಿ ಸಲಹೆಯ ಮುಂದೆ ಯಾರು ಮಾಡಬೇಕು, ಯಾವ ದಿನದೊಳಗೆ, ಆಯಿತಾ ಅನ್ನುವ ಮೂರು ಕಾಲಂ ಇರಲೇಬೇಕು. ಎರಡನೇ ವರದಿಯಲ್ಲೂ ಅದೇ ಸಲಹೆ ಬಂದರೆ ಅದು ಆಡಳಿತದ ಸಭೆಯ ಮುಂದೆ ತಾನಾಗಿಯೇ ಬರಬೇಕು.

ನಿರ್ವಹಣೆಯನ್ನೇ ಗುತ್ತಿಗೆ ಕೊಡಬಹುದಾ?

ಕೊಡಬಹುದು. ಕೆನಡಾದ ಬ್ರಿಟಿಷ್ ಕೊಲಂಬಿಯಾ 1988ರಲ್ಲೇ ಈ ದಾರಿ ಹಿಡಿಯಿತು, 1990ರ ದಶಕದಲ್ಲಿ ಅರ್ಜೆಂಟೀನಾ ದೊಡ್ಡ ಮಟ್ಟದಲ್ಲಿ ಮಾಡಿತು. ಎಷ್ಟು ಟನ್ ಡಾಂಬರು ಹಾಕಿದಿರಿ ಅಂತ ಅಳೆದು ಹಣ ಕೊಡುವ ಬದಲು, ರಸ್ತೆ ಒಪ್ಪಿದ ಸ್ಥಿತಿಯಲ್ಲಿ ಇದ್ದರೆ ತಿಂಗಳಿಗಿಷ್ಟು ಅಂತ ಕೊಡುತ್ತಾರೆ. ಇಂತಿಷ್ಟು ಗಂಟೆಯೊಳಗೆ ಗುಂಡಿ ಮುಚ್ಚದಿದ್ದರೆ, ಚರಂಡಿ ಕಟ್ಟಿಕೊಂಡಿದ್ದರೆ ಆ ತಿಂಗಳ ಹಣದಲ್ಲಿ ಕಡಿತ. ಆಗ ಬಿರುಕನ್ನು ಬೇಗ ಮುಚ್ಚುವುದು ಗುತ್ತಿಗೆದಾರರಿಗೇ ಲಾಭ. ಆದರೆ ಪ್ರತಿ ತಿಂಗಳು ರಸ್ತೆ ಮೇಲೆ ಹೋಗಿ ನೋಡಿ ಬರೆಯುವ, ಒತ್ತಡಕ್ಕೆ ಬಗ್ಗದ ಸಿಬ್ಬಂದಿ ಬೇಕು. ಅವರಿಲ್ಲದ ಕಡೆ ಈ ಪದ್ಧತಿ ತಿಂಗಳಿಗೊಮ್ಮೆ ಸಹಿ ಹಾಕುವ ಕೆಲಸ ಅಷ್ಟೇ.

ಗುಂಡಿಯಲ್ಲಿ ಬಿದ್ದು ಪೆಟ್ಟಾದರೆ ಯಾರು ಹೊಣೆ?

ದೇಶದಿಂದ ದೇಶಕ್ಕೆ ಬೇರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1980ರ ಹೈವೇಸ್ ಆ್ಯಕ್ಟ್‌ನ 41ನೇ ಸೆಕ್ಷನ್ ಪ್ರಕಾರ ರಸ್ತೆ ಸುಸ್ಥಿತಿಯಲ್ಲಿಡುವುದು ಆಡಳಿತದ ಕಾನೂನು ಕರ್ತವ್ಯ. ಅದೇ ಕಾನೂನಿನ 58ನೇ ಸೆಕ್ಷನ್ ಆಡಳಿತಕ್ಕೂ ಒಂದು ರಕ್ಷಣೆ ಕೊಡುತ್ತದೆ: ನಾವು ನಿಯಮಿತವಾಗಿ ತಪಾಸಣೆ ಮಾಡಿದ್ದೇವೆ, ಗೊತ್ತಾದ ದೋಷ ಸಕಾಲದಲ್ಲಿ ಸರಿಮಾಡಿದ್ದೇವೆ ಅಂತ ತೋರಿಸಿದರೆ ಬಚಾವ್. ಈ ಜೋಡಿ ನನಗೆ ಇಷ್ಟ, ತಪಾಸಣೆಯ ದಾಖಲೆ ಇಡುವುದು ಆಡಳಿತದ ಸ್ವಂತ ಹಿತಕ್ಕೇ ಬೇಕಾಗುತ್ತದೆ. ಬೇರೆ ಕಡೆಯೂ ದಿನಾಂಕ ಇರುವ ಲಿಖಿತ ದೂರು ಮೊದಲೇ ಇದ್ದರೆ ‘ನಮಗೆ ಗೊತ್ತಿರಲಿಲ್ಲ’ ಅನ್ನುವ ಮಾತಿಗೆ ಬೆಲೆ ಕಡಿಮೆ.

ನಾವು ಯಾವ ಕಾಗದ ಕೇಳಬೇಕು, ದೂರು ಹೇಗೆ ಬರೆಯಬೇಕು?

ಕೇಳಬೇಕಾದ್ದು: ಎಸ್ಟಿಮೇಟ್, ಕಾಮಗಾರಿ ಆದೇಶ, ಅಳತೆ ಪುಸ್ತಕದ ಪ್ರತಿ, ಕೋರ್ ಮತ್ತು ಕಾಂಕ್ರೀಟ್ ಪರೀಕ್ಷೆಯ ವರದಿ, ದೋಷ ಹೊಣೆ ಅವಧಿ ಮುಗಿಯುವ ದಿನ. ಸೇತುವೆಯಾದರೆ ಕೊನೆಯ ಎರಡು ತಪಾಸಣಾ ವರದಿ. ಒಂದೇ ವರದಿ ಬೇಡ, ಎರಡೂ ಬೇಕು. ಹಿಂದಿನ ಸಲಹೆ ಪಾಲಿಸಿದರಾ ಅನ್ನುವುದು ಎರಡನ್ನೂ ಅಕ್ಕಪಕ್ಕ ಇಟ್ಟಾಗಲೇ ಗೊತ್ತಾಗುತ್ತದೆ.

ದೂರಿನಲ್ಲಿ ‘ರಸ್ತೆ ಸರಿಯಿಲ್ಲ’ ಅಂತ ಬರೆಯಬೇಡಿ. ಜಾಗ, ದಿನಾಂಕ, ಗುಂಡಿಯ ಉದ್ದ ಅಗಲ ಆಳ, ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು ತೆಗೆದ ಫೋಟೋ ಹಾಕಿ. ಮಳೆ ಬಂದಾಗ ನೀರು ಎಲ್ಲಿ ನಿಲ್ಲುತ್ತದೆ ಅನ್ನುವುದರ ಫೋಟೋ ಇದ್ದರೆ ಇನ್ನೂ ಒಳ್ಳೇದು, ಎಂಜಿನಿಯರ್‌ಗೆ ಗುಂಡಿಗಿಂತ ಅದೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಸೇತುವೆಯಲ್ಲಾದರೆ ಕಟ್ಟಿಕೊಂಡ ನೀರಿನ ಕೊಳವೆ, ಜಾಯಿಂಟ್‌ನಿಂದ ಕೆಳಗೆ ಸೋರಿದ ಕಲೆ, ಕಾಂಕ್ರೀಟ್ ಉದುರಿ ಹೊರಗೆ ಕಾಣುವ ಕಬ್ಬಿಣ, ಬುಡದ ಕೊರೆತ, ಇವನ್ನು ದೂರದಿಂದಲೇ ತೆಗೆಯಿರಿ, ಕೆಳಗೆ ಇಳಿಯಬೇಡಿ. ದೂರಿನ ಸಂಖ್ಯೆ ಪಡೆಯಿರಿ. ಉತ್ತರ ಬರದಿದ್ದರೆ ಅದೇ ಸಂಖ್ಯೆ ಹಾಕಿ ಮುಂದಿನ ಅಧಿಕಾರಿಗೆ ಬರೆಯಿರಿ. ಹೊಸ ದೂರು ಕೊಟ್ಟರೆ ಎಣಿಕೆ ಮತ್ತೆ ಮೊದಲ ದಿನದಿಂದ ಶುರುವಾಗುತ್ತದೆ.